ಯಾವ ಟರ್ಮಿನಲ್ ಸ್ವಾಮಿ?

"ಈ ಪ್ರೋಗ್ರಾಂ ಯಾವ ಟರ್ಮಿನಲ್‌ಗೆ ಸೇರಿದ್ದು?" ಅಂತ ಸಿ ಕಲಿತ ಹುಡುಗರನ್ನು ಕೇಳಿ ನೋಡಿ. ತಕ್ಷಣ "ಟಿಟಿವೈನೇಮ್" ಅಂತಾರೆ. ಅರ್ಧ ಸರಿ ಅಷ್ಟೇ. ಅದಕ್ಕೆ ಸೊನ್ನೆ ಕೊಟ್ಟರೆ ಸ್ಟ್ಯಾಂಡರ್ಡ್ ಇನ್‌ಪುಟ್ ಯಾವ ಟರ್ಮಿನಲ್ಲಿಂದ ಅಂತ ಹೇಳುತ್ತೆ, ಕಂಟ್ರೋಲಿಂಗ್ ಟರ್ಮಿನಲ್ ಯಾವುದು ಅಂತಲ್ಲ. ಇನ್‌ಪುಟ್ಟನ್ನು ಫೈಲಿನಿಂದ ಕೊಡಿ, ಕೈಗೆ ಬರೋದು ನಲ್! ಆದರೆ ಟರ್ಮಿನಲ್ ಎಲ್ಲೂ ಹೋಗಿರಲ್ಲ. ಕಂಟ್ರೋಲ್-ಸಿ ಒತ್ತಿದರೆ ಪ್ರೋಗ್ರಾಂ ನಿಲ್ಲುತ್ತೆ.

ಸಿಟರ್ಮ್‌ಐಡಿ ಅಂತ ಇನ್ನೊಂದಿದೆ. ಹೆಸರೇನೋ ಭರ್ಜರಿ. ಲಿನಕ್ಸ್‌ನಲ್ಲಿ ಯಾವಾಗ ಕೇಳಿದರೂ ಡೆವ್ ಡೈರೆಕ್ಟರಿಯ ಟಿಟಿವೈ ಅಂತ ಒಂದೇ ಉತ್ತರ. "ಮನೆ ಎಲ್ಲಿ?" ಅಂದ್ರೆ "ನಮ್ಮನೇಲಿ" ಅಂದ ಹಾಗೆ! ಆದರೂ ಆ ಫೈಲನ್ನು ಓಪನ್ ಮಾಡಿ ನೋಡೋದು ಒಳ್ಳೇದು, ಕಂಟ್ರೋಲಿಂಗ್ ಟರ್ಮಿನಲ್ ಇಲ್ಲದಿದ್ದರೆ ಓಪನ್ ಆಗೋದೇ ಇಲ್ಲ.

ನಿಜವಾದ ಗುರುತು ಬೇಕಾದರೆ ಪ್ರೋಕ್ ಒಳಗೆ ಆ ಪ್ರೋಸೆಸ್‌ನ ಸ್ಟಾಟ್ ಫೈಲಿನ 7ನೇ ಕಾಲಂ ನೋಡಬೇಕು. ಅಲ್ಲಿ 34819 ಇದೆ ಅನ್ನಿ. 256ರಿಂದ ಭಾಗಿಸಿದರೆ 136, ಶೇಷ 3. ಅಂದರೆ ಪಿಟಿಎಸ್ 3. (2ನೇ ಕಾಲಂನ ಹೆಸರಲ್ಲಿ ಸ್ಪೇಸ್ ಇರಬಹುದು, ಕೊನೆಯ ಬ್ರಾಕೆಟ್ ಆದಮೇಲೆ ಎಣಿಸಿ.)

ಇದೆಲ್ಲಾ ಯಾಕೆ ಅಂತೀರಾ? ಎಂಟ್ರಿ ಯಾವ ಕೌಂಟರಿನಿಂದ ಬಿತ್ತು ಅನ್ನೋದು ನಮ್ಮಂಥ ಬ್ಯಾಂಕಿನವರಿಗೆ ಸಣ್ಣ ವಿಷಯ ಅಲ್ಲ. ಲಾಗ್ ಬರೆಯೋ ಪ್ರೋಗ್ರಾಂ ಟಿಟಿವೈನೇಮನ್ನೇ ನಂಬಿ ಕೂತರೆ, ಇನ್‌ಪುಟ್ ತಿರುಗಿಸಿದವನು ಹೆಸರಿಲ್ಲದೆ ಜಾರಿಕೊಳ್ತಾನೆ. ಸೆಟ್‌ಸಿಡ್ ಕರೆದು ಟರ್ಮಿನಲ್ಲನ್ನೇ ಬಿಟ್ಟವನ 7ನೇ ಕಾಲಂನಲ್ಲಿ ಸೊನ್ನೆ ಇರುತ್ತೆ. ನನ್ನನ್ನು ಕೇಳಿದರೆ, ಸೊನ್ನೆ ಕಂಡ ಕೂಡಲೇ ಆ ಎಂಟ್ರಿಯನ್ನೇ ತಗೋಬಾರದು.