ಹಿಮದ ಗೊಂಬೆಗಿಂತ ಹಿತಕಿದ ಅವರೆ

ಮೆಜೆಸ್ಟಿಕ್ ಹತ್ತಿರದ ಶಿಶುವಿಹಾರದಿಂದ ನನ್ನ ಮೊಮ್ಮಗಳು ಹತ್ತಿ ಅಂಟಿಸಿದ ಹಿಮದ ಗೊಂಬೆ ತಂದಳು. “ಅಜ್ಜಿ, ನಮ್ಮೂರಲ್ಲಿ ಹಿಮ ಯಾವಾಗ ಬೀಳುತ್ತೆ?” ಎಂದಳು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ.

ನಮ್ಮ ಚಳಿಗಾಲದ ಪಾಠಗಳೇ ಬೇರೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಒಂದು ಸೇರು ಕಾಯಿ ತಂದು, ಒಂದು ಬೀಜದ್ದು, ಎರಡು ಬೀಜದ್ದು, ಮೂರು ಬೀಜದ್ದು ಎಂದು ಮಕ್ಕಳು ವಿಂಗಡಿಸಲಿ. ಎಣಿಕೆ ತಾನಾಗಿ ಬರುತ್ತದೆ. ನೆನೆಸಿದ ಅವರೆಕಾಳು ಹಿತಕಿದರೆ, ನಾಳೆ ಪೆನ್ಸಿಲ್ ಹಿಡಿಯುವ ಬೆರಳುಗಳು ಪಳಗುತ್ತವೆ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸಿದರೆ ಹಂಚಿ ತಿನ್ನುವುದನ್ನೂ ಕಲಿಯುತ್ತಾರೆ.

ಶಿಕ್ಷಕರೇ, ಹಿಮದ ಕಥೆ ಖಂಡಿತ ಹೇಳಿ. ಆದರೆ ಮೊದಲು ನಮ್ಮ ಚಳಿಗಾಲವನ್ನು ಮಕ್ಕಳ ಕೈಗೆ ಕೊಡಿ.