ಲೆಕ್ಕ ಕೇಳಿದವರ ಗಾಯಕ್ಕೆ ವಕೀಲರು ಯಾರು?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮನ್ನು ಒಮ್ಮೆ ತೆರೆದು ನೋಡಿ. ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಲು ಯಾರು ಅರ್ಹರು ಎಂಬ ಪಟ್ಟಿ ಅಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು. ಇವರ ಜೊತೆಗೆ ಪ್ರವಾಹ, ಬರ, ಭೂಕಂಪ, ಕೈಗಾರಿಕಾ ದುರಂತದಲ್ಲಿ ನೊಂದವರೂ ಇದ್ದಾರೆ. ನಾಳೆ ಅಣುಸ್ಥಾವರವೊಂದರಲ್ಲಿ ದುರಂತವಾದರೆ, ಅದರಲ್ಲಿ ನೊಂದವರಿಗೆ ಆದಾಯ ಎಷ್ಟೆಂದು ಕೇಳದೆ ವಕೀಲರನ್ನು ಒದಗಿಸಬೇಕು. ದುರಂತ ಆಗಬಹುದು, ಲೆಕ್ಕ ಕೊಡಿ ಎಂದು ಅದೇ ಸ್ಥಾವರದ ಗೇಟಿನ ಮುಂದೆ ನಿಂತು ಲಾಠಿ ಏಟು ತಿಂದವರು ಎಂಬ ಸಾಲು ಮಾತ್ರ ಆ ಪಟ್ಟಿಯಲ್ಲಿ ಇಲ್ಲ.

ಅಣುಶಕ್ತಿಯ ಚರಿತ್ರೆ ಬಲ್ಲವರಿಗೆ ಇದು ಸಣ್ಣ ಲೋಪವಾಗಿ ಕಾಣಲಾರದು. ಈ ಉದ್ಯಮದಲ್ಲಿ ಅಪಾಯದ ಸುದ್ದಿ ಅದನ್ನು ನಡೆಸುವವರ ಬಾಯಿಂದಲೇ ಮೊದಲು ಬಂದದ್ದು ಅಪರೂಪ. 1957ರ ಸೆಪ್ಟೆಂಬರ್ 29ರಂದು ಸೋವಿಯತ್ ಒಕ್ಕೂಟದ ಯುರಲ್ ಪ್ರದೇಶದಲ್ಲಿ, ಕಿಷ್ಟಿಂ ಪಟ್ಟಣದ ಹತ್ತಿರ, ವಿಕಿರಣ ತ್ಯಾಜ್ಯ ತುಂಬಿದ್ದ ತೊಟ್ಟಿ ತಂಪು ಮಾಡುವ ವ್ಯವಸ್ಥೆ ಕೆಟ್ಟು ಸಿಡಿಯಿತು. ಮಾಸ್ಕೋ ಅದನ್ನು ಒಪ್ಪಿಕೊಂಡದ್ದು 1989ರಲ್ಲಿ. ಕಿಷ್ಟಿಂ ಆದ ಹನ್ನೊಂದು ದಿನಕ್ಕೆ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಸುತ್ತಲಿನ ಹಳ್ಳಿಗಳ ಹಾಲನ್ನು ವಾರಗಟ್ಟಲೆ ಚೆಲ್ಲಬೇಕಾಯಿತು. ತನಿಖಾ ವರದಿ ಕೆಲವೇ ವಾರಗಳಲ್ಲಿ ಸಿದ್ಧವಾದರೂ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಅದನ್ನು ತಡೆಹಿಡಿದರು. ಪೂರ್ಣ ವರದಿ ಜನರ ಕೈಗೆ ಬಂದದ್ದು 1988ರಲ್ಲಿ. ಒಂದು ದೇಶ ಸರ್ವಾಧಿಕಾರದ್ದು, ಇನ್ನೊಂದು ಪ್ರಜಾಪ್ರಭುತ್ವದ್ದು. ಮುಚ್ಚಿಟ್ಟ ಅವಧಿ ಮಾತ್ರ ಹೆಚ್ಚುಕಡಿಮೆ ಒಂದೇ.

ಚೆರ್ನೋಬಿಲ್ ಸ್ಫೋಟ ಆದದ್ದು 1986ರ ಏಪ್ರಿಲ್ 26ರಂದು. ಎರಡು ದಿನದ ನಂತರ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ಮಾಪಕಗಳು ಕೂಗಿಕೊಂಡ ಮೇಲೆಯೇ ಜಗತ್ತಿಗೆ ಅದು ತಿಳಿಯಿತು. ಫುಕುಶಿಮಾ ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿ ತಪಾಸಣೆಯ ದಾಖಲೆಗಳನ್ನೇ ತಿದ್ದಿದ್ದು 2002ರಲ್ಲಿ ಬಯಲಾಗಿತ್ತು. 2011ರ ದುರಂತದ ಬಗ್ಗೆ ಜಪಾನ್ ಸಂಸತ್ತು ನೇಮಿಸಿದ ಆಯೋಗ ಮರುವರ್ಷ ಅದನ್ನು ಮನುಷ್ಯನಿರ್ಮಿತ ಎಂದೇ ಕರೆಯಿತು.

ನಮ್ಮ ಕಾಳಿ ಕಣಿವೆಗೂ ಇಂಥ ಚರಿತ್ರೆಯಿದೆ. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಕೈಗಾ ಸ್ಥಾವರದ ಗುಮ್ಮಟದ ಒಳಪದರ ಕುಸಿದು ನೂರು ಟನ್‌ಗೂ ಹೆಚ್ಚು ಕಾಂಕ್ರೀಟು ಕೆಳಗೆ ಬಿತ್ತು. ರಿಯಾಕ್ಟರ್ ಸಿಡಿದರೆ ವಿಕಿರಣವನ್ನು ಒಳಗೇ ತಡೆದಿಡಬೇಕಾದ ಗುಮ್ಮಟ ಅದು. ಆಗಿನ್ನೂ ಇಂಧನ ತುಂಬಿರಲಿಲ್ಲವೆಂಬುದೇ ಪುಣ್ಯ. 2009ರ ನವೆಂಬರಿನಲ್ಲಿ ಅದೇ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿತು. ಹೊರಗಿನವರಿಗೆ ಅದು ತಿಳಿದದ್ದು ಕೆಲವು ದಿನ ಕಳೆದ ಮೇಲೆ. ಇದೆಲ್ಲಕ್ಕಿಂತ ಮೊದಲೇ, 1989ರಲ್ಲಿ, ಇಳಿವಯಸ್ಸಿನ ಶಿವರಾಮ ಕಾರಂತರು ಪರಿಸರದ ಮಾತೆತ್ತಿಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತಿದ್ದರು. ಅವರ ಪ್ರಶ್ನೆಗಳನ್ನು ಹುಚ್ಚು ಎಂದವರಿದ್ದರು. ಗುಮ್ಮಟ ಕುಸಿದ ದಿನ ಅವರಿಗೆ ಏನನ್ನಿಸಿತೋ.

ಆದ್ದರಿಂದ ಸ್ಥಾವರದ ಗೇಟಿನ ಹೊರಗೆ ನಿಂತು ಪ್ರಶ್ನೆ ಕೇಳುವವರನ್ನು ನಾನು ಸುರಕ್ಷತಾ ವ್ಯವಸ್ಥೆಯ ಭಾಗವೆಂದೇ ಎಣಿಸುತ್ತೇನೆ. ಅವರ ಪ್ರಶ್ನೆಗಳೆಲ್ಲ ಸರಿಯಿರಬೇಕಿಲ್ಲ. ಕೇಳಲು ಬಂದವರು ಕೈಕಾಲು ಕಳೆದುಕೊಂಡರೆ ಕೇಳುವವರೇ ಇಲ್ಲವಾಗುತ್ತಾರೆ.

2012ರ ಸೆಪ್ಟೆಂಬರ್ 10ರಂದು ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಬಳಿ ಏನಾಯಿತು ಎಂಬುದು ಹಲವರಿಗೆ ಮರೆತಿರಬಹುದು. ಇಂಧನ ತುಂಬುವುದನ್ನು ವಿರೋಧಿಸಿ ಇಡಿಂದಕರೈ ಊರಿನ ಸಾವಿರಾರು ಮೀನುಗಾರ ಕುಟುಂಬಗಳು ಹಿಂದಿನ ದಿನವೇ ಕಡಲ ದಂಡೆಗುಂಟ ನಡೆದು ಸ್ಥಾವರದ ಹತ್ತಿರ ಬೀಡುಬಿಟ್ಟಿದ್ದವು. ಹೆಂಗಸರು, ಮಕ್ಕಳೇ ಹೆಚ್ಚು. ಪೊಲೀಸರು ಅಶ್ರುವಾಯು ಸಿಡಿಸಿ ಲಾಠಿ ಬೀಸಿದಾಗ ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ಸಮುದ್ರ. ಜನ ನೀರಿಗೆ ಹಾರಿದರು. ಅದೇ ದಿನ ಪಕ್ಕದ ತೂತ್ತುಕುಡಿ ಜಿಲ್ಲೆಯ ಮಣಪ್ಪಾಡಿನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಮೀನುಗಾರ ಸತ್ತ. ಆ ಚಳವಳಿಯ ಉದ್ದಕ್ಕೂ ಸಾವಿರಾರು ಜನರ ಮೇಲೆ ರಾಜದ್ರೋಹದ ಕಲಂ ಸೇರಿಸಿ ಕೇಸು ಹಾಕಲಾಗಿತ್ತು. ಅದೇ ವರ್ಷ ಸ್ಥಾವರದ ಸುರಕ್ಷತಾ ವಿಶ್ಲೇಷಣಾ ವರದಿಯನ್ನು ಜನರಿಗೆ ಕೊಡಿ ಎಂದು ಕೇಂದ್ರ ಮಾಹಿತಿ ಆಯೋಗ ಆದೇಶಿಸಿದರೆ, ಅಣುವಿದ್ಯುತ್ ನಿಗಮ ಅದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋಯಿತು. ಕಾಗದ ಕೊಡದವರ ಪರವಾಗಿ ವಾದಿಸಲು ಜನರದೇ ದುಡ್ಡಿನ ವಕೀಲರಿದ್ದರು.

ಇಂಥ ಲಾಠಿ ಪ್ರಹಾರದಲ್ಲಿ ತಲೆಯೊಡೆದವರ ಸ್ಥಿತಿಯನ್ನು ಯೋಚಿಸಿ. ಸರ್ಕಾರಿ ಆಸ್ಪತ್ರೆಗೆ ಹೋದರೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ಬರೆದುಕೊಳ್ಳುತ್ತಾರೆ, ಠಾಣೆಗೆ ಸುದ್ದಿ ಹೋಗುತ್ತದೆ. ಎಫ್‌ಐಆರಿನಲ್ಲಿ 'ಮತ್ತಿತರರು' ಎಂದು ಬರೆದಿಟ್ಟ ಜಾಗದಲ್ಲಿ ಗಾಯಾಳುವಿನ ಹೆಸರು ಬಂದು ಕೂರುತ್ತದೆ. ಆ ಭಯಕ್ಕೆ ಜನ ಊರಿನ ಖಾಸಗಿ ವೈದ್ಯರ ಹತ್ತಿರ ಹೊಲಿಗೆ ಹಾಕಿಸಿಕೊಂಡು ಮನೆಯಲ್ಲೇ ಮಲಗುತ್ತಾರೆ. ಆರು ತಿಂಗಳಾದ ಮೇಲೆ ಪರಿಹಾರ ಕೇಳಲು ಹೋದರೆ ಗಾಯದ ಪ್ರಮಾಣಪತ್ರ ಎಲ್ಲಿ ಎಂಬ ಪ್ರಶ್ನೆ ಎದುರಾಗುತ್ತದೆ. ಹೊಡೆದವರ ಮೇಲೆ ಖಾಸಗಿ ದೂರು ಕೊಡೋಣವೆಂದರೆ, ಗುಂಪು ಚದುರಿಸುವಾಗ ಮಾಡಿದ ಕೆಲಸಕ್ಕೆ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ ಕಾನೂನು. ಈ ಮಧ್ಯೆ ತನ್ನ ಮೇಲಿನ ಕೇಸಿಗೆ ವಾಯಿದೆಯಿಂದ ವಾಯಿದೆಗೆ ಅಲೆಯಬೇಕು, ಒಂದು ದಿನದ ದುಡಿಮೆ ಬಿಡಬೇಕು. ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟಿಗೂ ತೊಡಕು. ಕೊಲ್ಲಿ ದೇಶಗಳ ದುಡಿಮೆಯನ್ನೇ ನಂಬಿದ ಕರಾವಳಿಯ ಮನೆಗಳಿಗೆ ಅದೆಷ್ಟು ದೊಡ್ಡ ಪೆಟ್ಟೆಂದು ನಮ್ಮ ಭಟ್ಕಳ, ಕಾರವಾರದವರಿಗೆ ಹೇಳಬೇಕಿಲ್ಲ.

ಪರಿಹಾರಕ್ಕೆ ಕಾನೂನಿನಲ್ಲಿ ದಾರಿಯೇ ಇಲ್ಲವೆಂದಲ್ಲ. ಮೂಲಭೂತ ಹಕ್ಕಿಗೆ ಚ್ಯುತಿಯಾದರೆ ಸರ್ಕಾರ ತನ್ನ ಸಾರ್ವಭೌಮತ್ವದ ಹಿಂದೆ ಅಡಗುವಂತಿಲ್ಲ, ಪರಿಹಾರ ಕೊಡಲೇಬೇಕು ಎಂದು 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2011ರ ಜೂನಿನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಪ್ರತಿಭಟನಕಾರರ ಮೇಲೆ ಪೊಲೀಸರು ನಡುರಾತ್ರಿ ನುಗ್ಗಿದ ಪ್ರಕರಣವನ್ನು ಅದೇ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತು. ಆ ಘಟನೆಯಲ್ಲಿ ಗಾಯಗೊಂಡು ಮೃತಪಟ್ಟ ಮಹಿಳೆಯ ಕುಟುಂಬಕ್ಕೆ 5 ಲಕ್ಷ, ತೀವ್ರ ಗಾಯವಾದವರಿಗೆ 50 ಸಾವಿರ, ಸಣ್ಣ ಗಾಯದವರಿಗೆ 25 ಸಾವಿರ ರೂಪಾಯಿ ಎಂದು 2012ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಕೂಡಂಕುಳಂನ ಲಾಠಿ ಪ್ರಹಾರ ನಡೆದದ್ದು ಅದಾದ ಏಳು ತಿಂಗಳಿಗೆ. ದೆಹಲಿಯ ಮೈದಾನದ ಮೇಲೆ ಟಿವಿ ಕ್ಯಾಮೆರಾಗಳಿದ್ದವು, ಕೋರ್ಟು ಕೂಗಳತೆಯಲ್ಲಿತ್ತು. ಅಂಥ ಅದೃಷ್ಟ ಎಲ್ಲ ಊರಿಗೂ ಸಿಗುವುದಿಲ್ಲ. ಕೋರ್ಟು ತಾನಾಗಿ ಬಾರದ ಕಡೆಗೆ ವಕೀಲರಾದರೂ ಹೋಗಬೇಕು.

ಕೂಡಂಕುಳಂ ಸ್ಥಾವರಕ್ಕೆ ಹಸಿರು ನಿಶಾನೆ ಕೊಟ್ಟ ಸುಪ್ರೀಂ ಕೋರ್ಟಿನ 2013ರ ಮೇ ತಿಂಗಳ ತೀರ್ಪಿನ ಕೊನೆಯಲ್ಲಿ, ಊರಲ್ಲಿ ಶಾಂತಿ ನೆಲೆಸಲೆಂದು ಚಳವಳಿಗಾರರ ಮೇಲಿನ ಕ್ರಿಮಿನಲ್ ಕೇಸುಗಳನ್ನು ಹಿಂದಕ್ಕೆ ಪಡೆಯಲು ಪ್ರಯತ್ನಿಸಿ ಎಂಬ ನಿರ್ದೇಶನವೂ ಇತ್ತು. ಒಳ್ಳೆಯ ಮಾತು. ಆದರೆ ಕೇಸು ಹಿಂದಕ್ಕೆ ಹೋದರೆ ಆರೋಪ ಹೋಗುತ್ತದೆ, ಮುರಿದ ಮೂಳೆಯ ಖರ್ಚು ಹೋಗುವುದಿಲ್ಲ.

ಹೊರದೇಶಗಳಲ್ಲೂ ಈ ನ್ಯಾಯ ಸುಲಭಕ್ಕೆ ದಕ್ಕಿದ್ದಲ್ಲ. 1977ರ ಜುಲೈ 31ರಂದು ಫ್ರಾನ್ಸಿನ ಮಾಲ್ವಿಲ್‌ನಲ್ಲಿ ಸೂಪರ್‌ಫೀನಿಕ್ಸ್ ರಿಯಾಕ್ಟರನ್ನು ವಿರೋಧಿಸಿ ಹತ್ತಾರು ಸಾವಿರ ಜನ ಮಳೆಯಲ್ಲಿ ನಡೆದರು. ವಿತಾಲ್ ಮಿಶಲೋ ಎಂಬ ಯುವ ಭೌತಶಾಸ್ತ್ರ ಶಿಕ್ಷಕ ಪೊಲೀಸರು ಎಸೆದ ಗ್ರೆನೇಡಿಗೆ ಬಲಿಯಾದ. ಪ್ರತಿಭಟನಕಾರರಲ್ಲಿ ಕೈ, ಪಾದ ಕಳೆದುಕೊಂಡವರಿದ್ದರು, ಕೈ ಕಳೆದುಕೊಂಡ ಪೊಲೀಸನೂ ಇದ್ದ. ಪೊಲೀಸನ ಚಿಕಿತ್ಸೆ, ಸಂಬಳ ಸರ್ಕಾರದ ಹೊಣೆ, ಅದು ಹಾಗೆಯೇ ಇರಬೇಕು. ಮಿಶಲೋ ಸಾವಿಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅಂಥ ಗ್ರೆನೇಡಿಗೆ 2014ರಲ್ಲಿ ಇನ್ನೊಬ್ಬ ಪರಿಸರ ಹೋರಾಟಗಾರ ಸತ್ತ ಮೇಲಷ್ಟೇ ಫ್ರಾನ್ಸ್ ಅದನ್ನು ನಿಷೇಧಿಸಿತು. ಮಾಲ್ವಿಲ್ ಆಗಿ ಸುಮಾರು ನಲವತ್ತು ವರ್ಷ ಕಳೆದಿತ್ತು. ಜರ್ಮನಿಯಲ್ಲಿ ಬ್ರೋಕ್‌ಡಾರ್ಫ್ ಅಣುಸ್ಥಾವರದ ಎದುರಿನ ಮೆರವಣಿಗೆಗೆ ನಿಷೇಧ ಹೇರಿದ್ದು 1985ರಲ್ಲಿ ಸಂವಿಧಾನ ನ್ಯಾಯಾಲಯದ ಮುಂದೆ ಬಂತು. ಕೆಲವರು ಹಿಂಸೆಗಿಳಿಯಬಹುದೆಂಬ ಕಾರಣಕ್ಕೆ ಶಾಂತಿಯಿಂದ ಸೇರುವ ಉಳಿದವರ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಅದು ಹೇಳಿತು. ಸಭೆ ಸೇರುವ ಹಕ್ಕಿನ ಬಗ್ಗೆ ಅಲ್ಲಿ ಇಂದಿಗೂ ಆಧಾರವಾಗಿರುವ ತೀರ್ಪು ಅದು.

ಕೈಗಾದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳ ಯೋಜನೆಗೆ 2018ರಲ್ಲಿ ಅಹವಾಲು ಸಭೆ ನಡೆದಾಗ ವಿರೋಧದ ದನಿಗಳು ಗಟ್ಟಿಯಾಗಿಯೇ ಕೇಳಿಬಂದಿದ್ದವು. ಅಲ್ಲಿಯಾಗಲಿ ಮತ್ತೆಲ್ಲಿಯಾಗಲಿ ಜನ ಸೇರುವ ದಿನ ಆಂಬುಲೆನ್ಸ್ ನಿಲ್ಲಿಸುವ ಜಿಲ್ಲಾಡಳಿತ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲರೊಬ್ಬರನ್ನೂ ಆಸ್ಪತ್ರೆಯಲ್ಲಿ ನಿಲ್ಲಿಸಲಿ. ಗಾಯದ ಪ್ರಮಾಣಪತ್ರದ ಪ್ರತಿ ಗಾಯಾಳುವಿನ ಕೈಗೆ ಅಂದೇ ಸಿಗಲಿ. ಅವರ ಮೇಲೆ ಕೇಸಿದೆಯೋ ಇಲ್ಲವೋ ಎಂಬುದಕ್ಕೂ ಪರಿಹಾರಕ್ಕೂ ಗಂಟು ಹಾಕಬೇಡಿ. ಇದಕ್ಕೆ ಸಂಸತ್ತನ್ನು ಕಾಯಬೇಕಾಗಿಲ್ಲ. ದೆಹಲಿಯಲ್ಲಿ ಹಿರಿಯ ನಾಗರಿಕರನ್ನೂ ತೃತೀಯ ಲಿಂಗಿಗಳನ್ನೂ ಉಚಿತ ಕಾನೂನು ನೆರವಿಗೆ ಸೇರಿಸಿಕೊಂಡಿದ್ದಾರೆ. ಪೊಲೀಸ್ ಬಲಪ್ರಯೋಗದಲ್ಲಿ ಗಾಯಗೊಂಡವರು ಎಂಬ ಇನ್ನೊಂದು ಸಾಲನ್ನು ಕರ್ನಾಟಕ ಸರ್ಕಾರ ಹೈಕೋರ್ಟಿನೊಡನೆ ಮಾತಾಡಿ ತನ್ನ ನಿಯಮಗಳಿಗೆ ಸೇರಿಸಲಿ. ಕಾಳಿ ಕಣಿವೆಯ ಜನ ಇನ್ನೊಮ್ಮೆ ಗೇಟಿನ ಮುಂದೆ ನಿಲ್ಲುವ ಮೊದಲೇ ಅದು ಆಗಲಿ.