'ಸಾಮರಸ್ಯ' ಅನ್ನೋ ಕೋಡಿನ ಅಡಿಯಲ್ಲಿ ಏನೇನಿದೆ ನೋಡಿ

ಸ್ವಲ್ಪ ಉದ್ದದ ಪೋಸ್ಟು. ಸರ್ವೆ, ಸಂದರ್ಶನ, ಸತ್ಯಶೋಧನೆ ಅಂತ ಊರೂರು ತಿರುಗೋ ನಮ್ಮ ಹುಡುಗ ಹುಡುಗಿಯರು ಪೂರ್ತಿ ಓದಲೇಬೇಕು.

"ಸರ್ಚ್ ಮಾಡಿದ್ವಿ, ಅಸ್ಪೃಶ್ಯತೆ ಬಗ್ಗೆ ಏನೂ ಸಿಗಲಿಲ್ಲ" ಅಂತ ಯಾವ ಅಧ್ಯಯನದವರು ಹೇಳಿದರೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಕೋಡ್ ಹಾಕಿದ್ದು ಯಾರು?

ಏನಿದು ಕೋಡ್? ಎನ್‌ವಿವೋ, ಮ್ಯಾಕ್ಸ್‌ಕ್ಯೂಡಿಎ, ಅಟ್ಲಾಸ್ ಟಿಐ ಅಂತ ಸಾಫ್ಟ್‌ವೇರ್‌ಗಳಿವೆ. ಜನ ಆಡಿದ ಮಾತನ್ನ ಟೈಪ್ ಮಾಡಿ ಅದರೊಳಗೆ ಹಾಕ್ತಾರೆ. ಒಬ್ಬರು ಕೂತು ಓದ್ತಾ, ಈ ನಾಲ್ಕು ಸಾಲು 'ನೀರು', ಈ ಎರಡು ಸಾಲು 'ಕೂಲಿ' ಅಂತ ಹೆಸರು ಅಂಟಿಸ್ತಾ ಹೋಗ್ತಾರೆ. ಆ ಹೆಸರೇ ಕೋಡ್. ನನ್ನಂಥ ಗುಮಾಸ್ತನಿಗೆ ಇದು ಹೊಸದೇನಲ್ಲ, ಕಡತದ ಹಾಳೆಗೆ ಫ್ಲ್ಯಾಗ್ ಅಂಟಿಸಿದ ಹಾಗೆ. ಆಮೇಲೆ 'ನೀರು' ಅಂತ ಹುಡುಕಿದರೆ ಎಲ್ಲಾ ಸಂದರ್ಶನಗಳಿಂದಲೂ ಆ ಫ್ಲ್ಯಾಗ್ ಇರೋ ತುಣುಕುಗಳು ಒಂದೇ ಕಡೆ ಬಂದು ನಿಲ್ತವೆ. ನೂರಾರು ಪುಟ ಕೈಯಲ್ಲಿ ತಿರುವೋದಕ್ಕಿಂತ ದೊಡ್ಡ ಅನುಕೂಲ, ಇಲ್ಲ ಅನ್ನಲ್ಲ. ಆದರೆ ಫ್ಲ್ಯಾಗ್ ಇಲ್ಲದ ಹಾಳೆ ಕಡತದಲ್ಲಿ ಇದ್ದೂ ಇಲ್ಲದಂಗೆ.

ನಮ್ಮ ಕಡೆ ಕೇರಿಗಳಲ್ಲಿ ಸಂದರ್ಶನ ಮಾಡಿದ ಒಂದು ತಂಡದ ಕೋಡಿಂಗ್ ನೋಡೋ ಅವಕಾಶ ಸಿಕ್ಕಿತ್ತು. ಹೆಸರು ಬೇಡ. ಒಬ್ಬ ಅಜ್ಜಿ ಹೇಳಿದ್ದು: "ನಮ್ಗೇನ್ ತೊಂದ್ರೆ ಇಲ್ಲಪ್ಪ, ನಾವು ಆ ಹೋಟ್ಲಿಗೆ ಹೋಗೋದೇ ಇಲ್ವಲ್ಲ." ಹಾಕಿದ್ದ ಕೋಡ್, 'ಸಾಮರಸ್ಯ'! "ದೇವ್ರು ಎಲ್ಲಾ ಕಡೆ ಅವ್ನೆ, ಗುಡಿ ಒಳಗೇ ಯಾಕ್ ಹೋಗ್ಬೇಕು?" ಇದಕ್ಕೆ 'ಧಾರ್ಮಿಕ ನಂಬಿಕೆ'. "ನಲ್ಲಿ ಐತೆ, ಅವ್ರೆಲ್ಲ ಹಿಡ್ಕಂಡ್ ಮೇಲೆ ನಾವ್ ಹಿಡ್ಕತೀವಿ." ಇದಕ್ಕೆ 'ಮೂಲಸೌಕರ್ಯ'. ಕೇರಿಯಲ್ಲಿ ಹುಟ್ಟಿದವರಿಗೆ ಇವು ಮೂರೂ ಒಂದೇ ಮಾತು ಅಂತ ಗೊತ್ತಾಗಕ್ಕೆ ಒಂದು ನಿಮಿಷ ಬೇಡ. ಹಿಂಗಿರುವಾಗ 'ಅಸ್ಪೃಶ್ಯತೆ' ಅಂತ ಹುಡುಕಿದರೆ ಏನು ಬರುತ್ತೆ? ಸಾಫ್ಟ್‌ವೇರ್ ಸುಳ್ಳು ಹೇಳಿಲ್ಲ. ಯಾರೋ ಇಟ್ಟ ಹೆಸರನ್ನ ಅದು ವಾಪಸ್ ತೋರಿಸಿದೆ ಅಷ್ಟೇ.

ಹೆಸರಿಗೆ ಎಷ್ಟು ಬೆಲೆ ಅನ್ನೋದು ನಮಗೆ ಕಾನೂನಿನಿಂದಲೇ ಗೊತ್ತು. ದೌರ್ಜನ್ಯ ತಡೆ ಕಾಯ್ದೆ ಬಂದಿದ್ದು 1989ರಲ್ಲಿ. ಚಪ್ಪಲಿ ಹಾರ ಹಾಕೋದು, ತಲೆ ಬೋಳಿಸೋದು, ಸಾಮಾಜಿಕ ಬಹಿಷ್ಕಾರ, ಇವಕ್ಕೆ 3ನೇ ಕಲಂನಲ್ಲಿ ಪ್ರತ್ಯೇಕ ಹೆಸರು ಸಿಕ್ಕಿದ್ದು 2015ರ ತಿದ್ದುಪಡಿಯಲ್ಲಿ, ಜಾರಿಯಾಗಿದ್ದು 2016ರ ಜನವರಿ 26ರಿಂದ. ಅದಕ್ಕೂ ಮುಂಚೆ ಇವೆಲ್ಲ ಊರಲ್ಲಿ ನಡೀತಾನೇ ಇದ್ವು. ಪಟ್ಟಿಯಲ್ಲಿ ಹೆಸರಿರಲಿಲ್ಲ, ಹಾಗಾಗಿ ಬೇರೆ ಯಾವುದೋ ಕಲಂ ಒಳಗೆ ತುರುಕಬೇಕಿತ್ತು.

ಕೋಡ್ ಬಿಟ್ಟು ಪದವನ್ನೇ ಹುಡುಕ್ತೀವಿ ಅಂತೀರಾ? ಅಲ್ಲೂ ಹುಷಾರು. 'ಜಾತಿ' ಅಂತ ಹುಡುಕಿದರೆ "ನಮ್ಮೋರು", "ಆ ಬೀದಿಯೋರು", "ಬೇರೆ ಲೋಟ" ಬರಲ್ಲ. ಪೂರ್ಣ ಪದ ಅಂತ ಆಯ್ಕೆ ಮಾಡಿ 'ಕೇರಿ' ಹುಡುಕಿದರೆ ಕೇರಿಗೆ, ಕೇರಿಯೋರು, ಕೇರ್ಯಾಗ ತಪ್ಪಿ ಹೋಗ್ತವೆ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ. ಯೂನಿಕೋಡ್‌ಗೆ ಬದಲಾಯಿಸದೆ ಹುಡುಕಿದರೆ ಸೊನ್ನೆ. ಹಾಗೇ, 'ನೀರು' ಮತ್ತು 'ತಾರತಮ್ಯ' ಎರಡೂ ಒಂದೇ ತುಣುಕಿನಲ್ಲಿ ಇರಬೇಕು ಅಂತ ಹುಡುಕಿದರೆ, ನಲ್ಲಿ ವಿಷಯ ಹೇಳಿ ಹತ್ತು ಸಾಲು ಬಿಟ್ಟು ಬೈಗುಳದ ವಿಷಯ ಹೇಳಿದ ಹೆಂಗಸು ಅಲ್ಲಿ ಇರಲ್ಲ. ನಮ್ಮ ಜನ ನೋವನ್ನ ಒಂದೇ ಉಸಿರಿಗೆ ಹೇಳಲ್ಲ. ಮ್ಯಾಕ್ಸ್‌ಕ್ಯೂಡಿಎಯಲ್ಲಿ ಇಷ್ಟು ಪ್ಯಾರಾ ಅಂತರದೊಳಗೆ ಅಂತ ಹುಡುಕೋ ದಾರಿಯೂ ಇದೆ. ಅದನ್ನ ಬಳಸಿ.

ಅದಕ್ಕೇ ನಾನು ಹೇಳೋದು ಇಷ್ಟು:

1. ಕೇರಿಯ ಸಂದರ್ಶನಕ್ಕೆ ಕೋಡ್ ಹಾಕುವಾಗ ಕೇರಿಯವರು ಒಬ್ಬರಾದರೂ ಕೂರಲೇಬೇಕು. ಒಂದೇ ಪುಟಕ್ಕೆ ಇಬ್ಬರು ಬೇರೆ ಬೇರೆ ಕೋಡ್ ಹಾಕಿ, ಎಲ್ಲಿ ಹೊಂದಲ್ವೋ ಅಲ್ಲಿ ಕೂತು ಜಗಳ ಆಡಿ.

2. ಸೊನ್ನೆ ಬಂದರೆ ನಿಲ್ಲಬೇಡಿ. 'ಸಾಮರಸ್ಯ', 'ಸಂಪ್ರದಾಯ', 'ಇತರೆ' ಇವನ್ನೂ ತೆಗೆದು ಓದಿ. ಕೋಡೇ ಹಾಕದ ಸಾಲುಗಳನ್ನ ಇನ್ನೂ ಗಮನವಾಗಿ ಓದಿ.

3. ಸಿಕ್ಕ ತುಣುಕನ್ನ ಹಾಗೇ ಎತ್ತಿ ವರದಿಗೆ ಹಾಕಬೇಡಿ. ಮೂಲಕ್ಕೆ ವಾಪಸ್ ಹೋಗಿ ಹಿಂದೆ ಮುಂದೆ ಓದಿ. ಮತ್ತೆ, ಹನ್ನೆರಡು ತುಣುಕು ಸಿಕ್ಕಿದ್ದು ದೊಡ್ಡದು, ಒಂದು ಸಿಕ್ಕಿದ್ದು ಚಿಕ್ಕದು ಅಂತಲ್ಲ.

ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ. ಟ್ಯಾಗೆಟ್, ಕ್ವಾಲ್‌ಕೋಡರ್ ಎರಡೂ ಉಚಿತ, ನಮ್ಮ ಕಂಪ್ಯೂಟರಿನಲ್ಲೇ ಓಡ್ತವೆ, ಜನರ ಮಾತು ಹೊರಗೆ ಹೋಗಲ್ಲ. ಹೇಳಿದವರ ಹೆಸರು, ಮನೆ ಗುರುತು ಮಾತ್ರ ಮೊದಲೇ ತೆಗೆದುಬಿಡಿ.

ನಮ್ಮ ಹಳೇ ಸತ್ಯಶೋಧನೆಗಳ ಸಂದರ್ಶನ ಯಾರ್ಯಾರ ಬೀರುವಿನಲ್ಲಿ, ಪೆನ್‌ಡ್ರೈವ್‌ನಲ್ಲಿ ಬಿದ್ದಿವೆಯೋ ಹುಡುಕಿ ತೆಗೀರಿ. ಭಾನುವಾರಗಳು ನಮ್ಮವೇ. ಕೂತು ಓದೋಣ, ಹೆಸರು ನಾವೇ ಇಡೋಣ.

ಜೈಭೀಮ್.